ಬಿದನೂರಿಗೆ ಬಂದ ಹ್ಯಾಮ್ಲೆಟ್

ತಂದೆಯನ್ನು ಕೊಂದವನು ಚಿಕ್ಕಪ್ಪನೇ ಎಂದು ತಿಳಿದೂ ಸೇಡನ್ನು ನಾಳೆಗೆ ನೂಕುತ್ತ ಹೋದವನು ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್. ಅವನು ಹೇಡಿಯಲ್ಲ, ಅತಿ ವಿಚಾರವೇ ಅವನ ಕೈ ಕಟ್ಟಿತು. ಸುಮಾರು 1600ರಲ್ಲಿ ಷೇಕ್ಸ್‌ಪಿಯರ್ ಬರೆದ ಈ ದುರಂತ ನಾಟಕವನ್ನು ಕುವೆಂಪು ಅವರು 1932ರಲ್ಲಿ ‘ರಕ್ತಾಕ್ಷಿ’ಯಾಗಿಸಿ ನಮ್ಮ ಮಲೆನಾಡಿನ ಬಿದನೂರಿಗೆ ತಂದರು.

ಕಥೆಗೆ ತಕ್ಕ ನೆಲವೇ ಅದು. ಬಿದನೂರು ಕೆಳದಿಯ ಅರಸರ ರಾಜಧಾನಿ. ಇಮ್ಮಡಿ ಬಸಪ್ಪನಾಯಕನ ತರುವಾಯ ಪಟ್ಟವೇರಿದ ದತ್ತುಪುತ್ರ ಚೆನ್ನಬಸಪ್ಪನಾಯಕನು 1757ರ ಹೊತ್ತಿಗೆ ತೀರಿಕೊಂಡನು. ರಾಣಿ ವೀರಮ್ಮಾಜಿಯೇ ಕೊಲ್ಲಿಸಿದಳೆಂಬ ಅಪವಾದ ಹಬ್ಬಿತು. ಅದನ್ನು ಎಲ್ಲ ಚರಿತ್ರಕಾರರೂ ಒಪ್ಪುವುದಿಲ್ಲ. ಒಳಗೇ ಒಡೆದ ಆ ಮನೆಯನ್ನು 1763ರಲ್ಲಿ ಹೈದರಾಲಿಯು ವಶಪಡಿಸಿಕೊಂಡನು.

‘ಹ್ಯಾಮ್ಲೆಟ್’ ನಾಟಕದ ಕೊನೆಯಲ್ಲೂ ಸಿಂಹಾಸನವು ನಾರ್ವೆಯ ಫೋರ್ಟಿನ್‌ಬ್ರಾಸನ ಪಾಲಾಗುತ್ತದೆ. ನಾಯಕನ ವಿಳಂಬಕ್ಕೆ ಬೆಲೆ ತೆರುವವನು ಅವನೊಬ್ಬನೇ ಅಲ್ಲ. ಮನೆಯವರು ಮಡಿಯುತ್ತಾರೆ, ನಾಡು ಪರರ ಕೈ ಸೇರುತ್ತದೆ.

‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆ ನಮ್ಮದೇ. ತಾಂಬರಂನ ಕನ್ನಡ ಮನೆಗಳಲ್ಲೂ “ಮಕ್ಕಳಿಗೆ ಕನ್ನಡ ಅಕ್ಷರವನ್ನು ಬರುವ ರಜೆಯಲ್ಲಿ ಕಲಿಸಿದರಾಯಿತು” ಎಂಬ ಮಾತು ಕೇಳಿಬರುತ್ತದೆ. ರಜೆಗಳು ಬಂದು ಹೋಗುತ್ತವೆ. ಮನೆಯ ಮಾತು ಮನೆಬಿಟ್ಟು ಹೊರಡಲು ಹೈದರನ ಸೈನ್ಯ ಬೇಕಿಲ್ಲ. ನಮ್ಮ ‘ನಾಳೆ’ಯೇ ಸಾಕು. ಆದ್ದರಿಂದ ಈ ರಾಜ್ಯೋತ್ಸವದ ದಿನವೇ ಮಕ್ಕಳ ಕೈಗೆ ಬಳಪ ಕೊಡೋಣ.