ಈಸೂರಿನ ಮೊಕದ್ದಮೆಯೂ ದಂಡನೀತಿಯೂ

ಈಚಿನ ದಿನಗಳಲ್ಲಿ ಕೊಲೆಯ ಮೊಕದ್ದಮೆಗಳನ್ನು ಕಂತುಕಂತಾಗಿ ಪರದೆಯ ಮೇಲೆ ತೋರಿಸುವ ಸಾಕ್ಷ್ಯಚಿತ್ರಗಳು ಮನೆಮನೆಗಳನ್ನೂ ಪ್ರವೇಶಿಸಿವೆ. ಅವುಗಳನ್ನು ನೋಡುವವರ ಕುತೂಹಲವೆಲ್ಲ ಒಂದೇ ಪ್ರಶ್ನೆಯಲ್ಲಿ ನೆಲೆಸಿರುತ್ತದೆ: ಕೊಂದವನು ಯಾರು? ಉತ್ತರವು ದೊರೆತೊಡನೆ ಕಥೆಯೂ ಮುಗಿಯಿತೆಂದು ಅವರು ಎದ್ದುಹೋಗುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿಯೇ, ಸಾಗರಕ್ಕೆ ನೆರೆಯದಾದ ಶಿಕಾರಿಪುರ ತಾಲ್ಲೂಕಿನಲ್ಲಿ, ಆ ಪ್ರಶ್ನೆಗೆ ನ್ಯಾಯಾಲಯವು ಉತ್ತರವನ್ನು ಕೊಟ್ಟು ಐವರನ್ನು ಗಲ್ಲಿಗೇರಿಸಿದ ಮೇಲೆಯೂ ಮುಗಿಯದೆ ಉಳಿದಿರುವ ಮೊಕದ್ದಮೆಯೊಂದುಂಟು. ಅದು ಈಸೂರಿನದು. ಏಸೂರು ಕೊಟ್ಟರೂ ಈಸೂರು ಕೊಡೆವೆಂಬ ಘೋಷಣೆಯನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ; ಆ ಮೊಕದ್ದಮೆಯನ್ನು ಕುರಿತು ಆಲೋಚಿಸಿದವರು ಕಡಮೆ. ಆದಕಾರಣ ಅದನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. 1942ನೆಯ ಇಸವಿ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು, ಆಂಗ್ಲರು ಭಾರತವನ್ನು ಬಿಟ್ಟು ತೊಲಗಬೇಕೆಂಬ ನಿರ್ಣಯವನ್ನು ಕೈಕೊಂಡಿತು. ಮರುದಿನವೇ ಗಾಂಧೀಜಿಯವರೂ ಇತರ ಮುಖಂಡರೂ ಬಂಧಿತರಾದರು. ಮುಂದಾಳುಗಳನ್ನು ಕಳೆದುಕೊಂಡ ಚಳುವಳಿಯು ಹಳ್ಳಿಹಳ್ಳಿಗಳಲ್ಲಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕಾಯಿತು. ಈಸೂರಿನ ಜನರು ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರ ಬಾಗಿಲಲ್ಲಿ ಫಲಕವನ್ನು ತೂಗಹಾಕಿದರು. ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜವನ್ನು ಏರಿಸಿದರು. ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ಇಬ್ಬರು ಬಾಲಕರನ್ನು ಅಮಲ್ದಾರನೆಂದೂ ಸಬ್ ಇನ್ಸ್‌ಪೆಕ್ಟರನೆಂದೂ ನೇಮಿಸಿಕೊಂಡರು. ಎಳೆಯ ಹುಡುಗರನ್ನು ಸೆರೆಮನೆಗೆ ತಳ್ಳಲಾರರೆಂಬುದು ಅವರ ಎಣಿಕೆಯಾಗಿದ್ದಿತು.

ಸಪ್ಟೆಂಬರ್ 28ರಂದು ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರೂ ಪೋಲೀಸರೊಡನೆ ಊರನ್ನು ಹೊಕ್ಕರು. ಸ್ವತಂತ್ರ ಗ್ರಾಮಕ್ಕೆ ಬಂದವರು ಖಾದಿಯ ಟೋಪಿಯನ್ನು ಧರಿಸಬೇಕೆಂದು ಜನರು ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು. ಊರವರ ನೆನಪಿನಲ್ಲಿ ಮೊದಲು ಬಂದುದು ಪೋಲೀಸರ ಬಲಪ್ರಯೋಗ. ಮೊಕದ್ದಮೆಯ ದೃಷ್ಟಿಯಲ್ಲಿ ಮುಖ್ಯವಾದುದು ಗುಂಪಿನ ಆಕ್ರಮಣ. ಮುಂಚೆ ಯಾವುದಾದರೇನು, ಆ ನೂಕುನುಗ್ಗಲಿನ ಕೊನೆಯಲ್ಲಿ ಇಬ್ಬರು ಅಧಿಕಾರಿಗಳೂ ಪ್ರಾಣವನ್ನು ನೀಗಿದ್ದರು.

ಅನಂತರ ಸೈನ್ಯವೂ ಪೋಲೀಸು ದಳವೂ ಊರನ್ನು ಮುತ್ತಿದವು. ಮನೆಗಳು ಸೂರೆಹೋದವು. ಗಂಡಸರು ಹೆಂಗಸರೆನ್ನದೆ ಅನೇಕರು ಕಾಡುಪಾಲಾದರು. ಸೆರೆಸಿಕ್ಕಿದವರ ಮೇಲೆ ಕೊಲೆಯ ಆರೋಪವು ಬಂದಿತು. ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು; ಅವರಲ್ಲಿ ಹೆಂಗಸರೂ ಇದ್ದರು. ಗುರಪ್ಪ ಕಮ್ಮಾರ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಎಂಬ ಐವರು 1943ನೆಯ ಇಸವಿ ಮಾರ್ಚ್ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದರು. ಈ ಹೆಸರುಗಳನ್ನು ಒಮ್ಮೆ ಓದಿಕೊಂಡರೆ ಸಾಕು, ಕುಲುಮೆಯ ಮನೆಯೂ ಗೌಡರ ಮನೆಯೂ ಆಚಾರಿಯ ಮನೆಯೂ ಅಲ್ಲಿ ಕೂಡಿದ್ದುವೆಂಬುದು ತಿಳಿಯುತ್ತದೆ.

ಹತ್ಯೆಯ ದಿನದಿಂದ ಮೊದಲನೆಯ ಗಲ್ಲಿನ ದಿನದವರೆಗೆ ಎಣಿಸಿದರೆ 161 ದಿನಗಳಾಗುತ್ತವೆ. ತನಿಖೆಯಿಂದ ತೊಡಗಿ ನೇಣಿನ ಹಗ್ಗದವರೆಗಿನ ಹಂತಗಳೆಲ್ಲವೂ ಆರು ತಿಂಗಳು ತುಂಬುವುದರೊಳಗೆ ಮುಗಿದುಹೋದುವು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಈ ತ್ವರೆಯನ್ನು ಕುರಿತೇ ಆಗಿದೆ.

ಒಬ್ಬನು ಒಬ್ಬನನ್ನು ಕೊಂದಾಗ ಕೊಂದ ಕೈಯನ್ನು ಹುಡುಕುವುದು ನ್ಯಾಯಾಧೀಶನ ಕೆಲಸ. ಊರೇ ನೆರೆದು ನಿಂತಲ್ಲಿ ಹೊಡೆತವು ಬಿದ್ದರೆ ಆ ಕೈಯನ್ನು ಹುಡುಕುವ ಬಗೆ ಹೇಗೆ? ಇಂಥ ಪ್ರಸಂಗಗಳಿಗೆಂದೇ ಭಾರತ ದಂಡಸಂಹಿತೆಯಲ್ಲಿ 149ನೆಯ ಕಲಮು ಇದ್ದಿತು. ಅಕ್ರಮಕೂಟವೊಂದರ ಸಮಾನ ಉದ್ದೇಶವನ್ನು ಸಾಧಿಸುವುದಕ್ಕಾಗಿ ಕೂಟದಲ್ಲಿ ಯಾರು ಅಪರಾಧವೆಸಗಿದರೂ ಕೂಟದವರೆಲ್ಲರೂ ಅದಕ್ಕೆ ಹೊಣೆಯೆಂಬುದು ಅದರ ತಾತ್ಪರ್ಯ. ಆದರೆ ಹೊಣೆಯನ್ನು ಎಲ್ಲರಿಗೂ ಹಂಚಬಹುದು, ಪ್ರಾಣವನ್ನು ಹಂಚಲಾಗುವುದಿಲ್ಲ. ಎಲ್ಲರ ಹೊಣೆಯನ್ನು ಕೆಲವರ ಕೊರಳು ಹೊರಬೇಕಾಗುತ್ತದೆ. ಆ ಕೆಲವರನ್ನು ಆರಿಸುವ ಸಾಕ್ಷಿಗಳು ಗದ್ದಲದ ನಡುವೆ ಕಂಡವರು, ಭಯದ ನಡುವೆ ನುಡಿದವರು. ಇಂಥ ಸಾಕ್ಷ್ಯವನ್ನು ಸೋಸುವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಕಾಲ. ಈಸೂರಿನಲ್ಲಿ ದೊರೆಯದೆ ಹೋದುದು ಅದೇ.

ಇನ್ನೊಂದು ಮಾತು. ಹೊಡೆದವರಾರೆಂದು ಮೊಕದ್ದಮೆಯು ಕೇಳುತ್ತದೆಯೇ ಹೊರತು ಜನರು ಏಕೆ ಎದ್ದರೆಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿಯೇ ಹಿಂದೊಮ್ಮೆ ಕೇಳಿದ್ದುಂಟು. 1830-31ರಲ್ಲಿ ನಗರದ ರೈತರು ದಂಗೆಯೆದ್ದರು. ಈಗಿನ ಹೊಸನಗರ, ಸಾಗರ, ತೀರ್ಥಹಳ್ಳಿಗಳ ಪ್ರದೇಶವೆಲ್ಲ ಆಗ ನಗರದ ಸೀಮೆಯೆನಿಸಿದ್ದಿತು. ಆ ದಂಗೆಯನ್ನು ಅಡಗಿಸುವಾಗ ನಡೆದ ಕ್ರೌರ್ಯವೇನೂ ಅಲ್ಪವಲ್ಲ. ಆದರೂ ಕಂಪನಿ ಸರ್ಕಾರವು ದಂಗೆಯ ಕಾರಣಗಳನ್ನು ಶೋಧಿಸಲು ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯು 1833ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಕಂದಾಯದ ಕಾಟವನ್ನೂ ಅಧಿಕಾರಿಗಳ ದುರಾಡಳಿತವನ್ನೂ ಎತ್ತಿತೋರಿಸಿತು. ಕಾರಣವನ್ನು ಅರಿತ ಮಾತ್ರಕ್ಕೆ ಅಪರಾಧವು ಅಳಿಯುವುದಿಲ್ಲ, ನಿಜ. ಆದರೆ ದಂಡದ ಪ್ರಮಾಣವನ್ನು ಗೊತ್ತುಮಾಡುವುದಕ್ಕೆ ಕಾರಣದ ಅರಿವು ಅವಶ್ಯವು. ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ಮನುವು ದಂಡವನ್ನು ಕ್ರಮವಾಗಿ ಹೇಳಿ ವಧವನ್ನು ಕೊನೆಯಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ಇನ್ನು ಇದೇ ಕಾಲದ ಬೇರೆ ಎರಡು ಮೊಕದ್ದಮೆಗಳನ್ನು ಹೋಲಿಸಿ ನೋಡೋಣ. ಮಧ್ಯಪ್ರಾಂತದ ಚಾಂದಾ ಜಿಲ್ಲೆಯ ಚಿಮೂರಿನಲ್ಲಿ 1942ನೆಯ ಆಗಸ್ಟ್ 16ರಂದು ಇಂಥದೇ ಗಲಭೆಯಾಗಿ ಸರ್ಕಾರದ ಅಧಿಕಾರಿಗಳು ಹತರಾದರು. ವಾರ್ಧಾ ಜಿಲ್ಲೆಯ ಆಷ್ಟಿಯಲ್ಲಿಯೂ ಹಾಗೆಯೇ ಆಯಿತು. ಅಲ್ಲಿಯೂ ಮರಣದಂಡನೆಗಳು ವಿಧಿಸಲ್ಪಟ್ಟುವು. ಆದರೆ ಮನವಿ, ಯಾಚನೆಗಳಲ್ಲಿ ವರ್ಷಗಳು ಉರುಳಿದುವು. ಗಾಂಧೀಜಿಯವರೂ ಆ ಕೈದಿಗಳ ಪ್ರಾಣಕ್ಕಾಗಿ ಮೊರೆಯಿಟ್ಟರು. 1945ರಲ್ಲಿ ಯುದ್ಧವು ಮುಗಿದಾಗ ಉಳಿದಿದ್ದ ಮರಣದಂಡನೆಗಳು ಜೀವಾವಧಿ ಶಿಕ್ಷೆಗೆ ಇಳಿದುವು. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ನೆಯ ಮಾರ್ಚ್ 28ರಂದು ರೈತರ ಗುಂಪಿಗೆ ಸಿಕ್ಕಿದ ಪೋಲೀಸನೊಬ್ಬನು ಹೊಳೆಯಲ್ಲಿ ಸತ್ತನು. ಎರಡು ವರ್ಷಗಳ ಅನಂತರ, 1943ನೆಯ ಮಾರ್ಚ್ 29ರಂದು, ನಾಲ್ವರನ್ನು ಕಣ್ಣಾನೂರಿನಲ್ಲಿ ಗಲ್ಲಿಗೇರಿಸಿದರು. ಐದನೆಯವನೊಬ್ಬನು ಅಪ್ರಾಪ್ತವಯಸ್ಕನೆಂದು ಉಳಿದುಕೊಂಡನು. ನಿರಂಜನರ 'ಚಿರಸ್ಮರಣೆ' ಕಾದಂಬರಿಗೆ ವಸ್ತುವಾದುದು ಈ ಪ್ರಸಂಗವೇ. ಹೀಗೆ ಕಾಲವು ಎಲ್ಲರನ್ನೂ ಕಾಯುವುದೆಂದು ಹೇಳಲಾಗದು. ಆದರೆ ಕಾಲವಿದ್ದಲ್ಲಿ ಕಾಯುವ ಸಂಭವವಾದರೂ ಇರುತ್ತದೆ. ಈಸೂರಿನವರ ಪಾಲಿಗೆ ಒಂದು ಬಾಗಿಲು ಮೊದಲೇ ಮುಚ್ಚಿದ್ದಿತು. ಬ್ರಿಟಿಷ್ ಪ್ರಾಂತಗಳ ಕೈದಿಗೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಮೊರೆಹೋಗುವ ದಾರಿಯಿತ್ತು. ಮೈಸೂರು ಸಂಸ್ಥಾನದ ಪ್ರಜೆಗೆ ಸಂಸ್ಥಾನದ ಗಡಿಯೇ ನ್ಯಾಯದ ಗಡಿಯಾಗಿದ್ದಿತು.

ಈ ಪ್ರಸಂಗದಲ್ಲಿ ಶೂದ್ರಕನ ಮೃಚ್ಛಕಟಿಕವು ಸ್ಮರಣೆಗೆ ಬಾರದಿರದು. ವಸಂತಸೇನೆಯನ್ನು ಕೊಂದನೆಂಬ ಸುಳ್ಳು ಆರೋಪವು ಚಾರುದತ್ತನ ಮೇಲೆ ಬಂದು, ರಾಜನಾದ ಪಾಲಕನು ಅವನಿಗೆ ವಧೆಯನ್ನು ವಿಧಿಸುತ್ತಾನೆ. ವಧ್ಯಸ್ಥಾನದಲ್ಲಿ ಚಾಂಡಾಲರಲ್ಲೊಬ್ಬನು ಸಾಯುವಾಗ ತನ್ನ ತಂದೆಯು ಹೇಳಿದ ಬುದ್ಧಿಮಾತನ್ನು ನೆನೆಯುತ್ತಾನೆ. ಅದರ ಸಾರಾಂಶವು ಇಷ್ಟು: ವಧ್ಯನನ್ನು ಆತುರದಿಂದ ಕೊಲ್ಲಬೇಡ, ಯಾವನಾದರೂ ಸಾಧುವು ಹಣವಿತ್ತು ಬಿಡಿಸಿಯಾನು, ರಾಜನಿಗೆ ಮಗನು ಹುಟ್ಟಿಯಾನು, ರಾಜ್ಯವೇ ಬದಲಾಗಿ ಸೆರೆಯವರಿಗೆಲ್ಲ ಬಿಡುಗಡೆಯಾದೀತು. ನಾಟಕದಲ್ಲಿ ಹಾಗೆಯೇ ಆಗುತ್ತದೆ. ಸತ್ತಳೆಂದ ವಸಂತಸೇನೆಯು ಜೀವದಿಂದ ಓಡಿಬರುತ್ತಾಳೆ. ಪಾಲಕನು ಅಳಿದು ಆರ್ಯಕನು ರಾಜನಾಗುತ್ತಾನೆ. ದಂಡವನ್ನು ವಿಧಿಸಿದ ರಾಜನಿಗೆ ತೋರದ ವಿವೇಕವು ದಂಡವನ್ನು ನೆರವೇರಿಸುವ ಚಾಂಡಾಲನ ತಂದೆಗೆ ತೋರಿದ್ದಿತು. ಈಸೂರಿನಲ್ಲಿಯೂ ರಾಜ್ಯವು ಬದಲಾಯಿತು. ಜೀವಾವಧಿ ಶಿಕ್ಷೆಯವರು ಹೊರಗೆ ಬಂದು ತಮ್ಮ ಮನೆಗಳನ್ನು ಸೇರಿದರು. 1947 ಬಂದಾಗ ಐವರು ಮಾತ್ರ ಬರಲಿಲ್ಲ. ಗಲ್ಲಿಗೂ ಸ್ವಾತಂತ್ರ್ಯಕ್ಕೂ ನಡುವೆ ಐದು ವರ್ಷಗಳೂ ತುಂಬಿರಲಿಲ್ಲ.

ಹಾಗೆಂದು ಸತ್ತ ಅಧಿಕಾರಿಗಳನ್ನು ಮರೆಯುವುದು ಧರ್ಮವಲ್ಲ. ಚೆನ್ನಕೃಷ್ಣಪ್ಪನವರೂ ಕೆಂಚೇಗೌಡರೂ ಸಮುದ್ರದಾಚೆಯಿಂದ ಬಂದವರಲ್ಲ. ಸಂಸ್ಥಾನದ ಅನ್ನವನ್ನು ಉಂಡು ಸಂಸ್ಥಾನದ ಆಜ್ಞೆಯನ್ನು ಹೊತ್ತು ಬಂದ ನಮ್ಮವರೇ. ಅವರ ಹತ್ಯೆಯನ್ನು ಪರಾಕ್ರಮವೆಂದು ಮಕ್ಕಳಿಗೆ ಬೋಧಿಸಿದರೆ ಗಾಂಧೀಜಿಯವರ ಹೆಸರಿನಲ್ಲಿ ಗಾಂಧೀಜಿಯವರಿಗೇ ಅಪಚಾರವಾಗುತ್ತದೆ. ಐವರು ಹುತಾತ್ಮರೆಂಬುದೂ ಇಬ್ಬರು ಅನ್ಯಾಯವಾಗಿ ಸತ್ತರೆಂಬುದೂ ಒಂದನ್ನೊಂದು ಅಳಿಸುವ ಮಾತುಗಳಲ್ಲ. ಎರಡನ್ನೂ ಒಟ್ಟಿಗೆ ಹೊರಬಲ್ಲ ಸ್ಮರಣೆಯೇ ಇತಿಹಾಸವೆನಿಸುವುದು.

ಸ್ವತಂತ್ರ ಭಾರತದ ನ್ಯಾಯವು ಚಾಂಡಾಲನ ತಂದೆಯ ಮಾತಿಗೆ ಮೆಲ್ಲಮೆಲ್ಲನೆ ಕಿವಿಗೊಟ್ಟಿದೆ. 1980ರಲ್ಲಿ ಬಚ್ಚನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅತ್ಯಂತ ವಿರಳವಾದ ಪ್ರಸಂಗಗಳಲ್ಲಿ ಮಾತ್ರವೇ ಮರಣದಂಡನೆಯು ಸಲ್ಲುವುದೆಂದು ವಿಧಿಸಿತು. 2014ರಲ್ಲಿ ಶತ್ರುಘ್ನ ಚೌಹಾನ್ ಮೊಕದ್ದಮೆಯಲ್ಲಿ, ಕ್ಷಮಾಯಾಚನೆಯು ತಿರಸ್ಕೃತವಾದ ಸಮಾಚಾರವು ಕೈದಿಗೆ ಮುಟ್ಟಿದ ಮೇಲೆ ಕನಿಷ್ಠ 14 ದಿನಗಳಾದರೂ ಕಳೆಯದೆ ಗಲ್ಲಿಗೇರಿಸಲಾಗದೆಂದು ಹೇಳಿತು. ಹದಿನಾಲ್ಕು ದಿನಗಳು ಬಹಳವೇನೂ ಅಲ್ಲ. ಆದರೆ ಅವು ಆತುರದ ಕೈಯನ್ನು ಹಿಡಿದು ನಿಲ್ಲಿಸುವ ದಿನಗಳು.

ಘೋರವಾದ ಸುದ್ದಿಯೊಂದು ಬಂದಾಗ, ಅಪರಾಧಿಯನ್ನು ನಾಳೆಯೇ ನೇಣಿಗೇರಿಸಬೇಕೆಂದು ನಮ್ಮ ಜಗಲಿಗಳಲ್ಲಿಯೂ ಕೇಳಿಬರುವುದುಂಟು. ಹಾಗೆ ನುಡಿಯುವ ಮುನ್ನ ವಾಚಕರು ಈಸೂರಿನ 161 ದಿನಗಳನ್ನು ಸ್ಮರಿಸಲಿ. ತಡವಾದ ನ್ಯಾಯವು ನೋವನ್ನು ಉಂಟುಮಾಡುವುದು ದಿಟ. ಆದರೆ ತಪ್ಪಿದರೆ ಅದನ್ನು ತಿದ್ದಬಹುದು. ಗಲ್ಲಿನ ಮೇಲೆ ಮುಗಿದ ನ್ಯಾಯವನ್ನು ತಿದ್ದುವವರು ಯಾರು?