ಮಾರ್ಟಿನ್ ರೈಲು ಖಾಲಿಯಾದ ಬಗೆ

ಹೌರಾದಿಂದ ಆಮ್ತಾ ಮತ್ತು ಶಿಯಾಖಾಲಾ ಕಡೆಗೆ 1897ರಲ್ಲಿ ಓಡಾಟ ಶುರುಮಾಡಿದ್ದ ಪುಟ್ಟ ರೈಲುಗಳು 1971ರ ಜನವರಿ 1ರಂದು ನಿಂತವು. ಎರಡಡಿ ಅಗಲದ ಹಳಿ, ಸಣ್ಣ ಉಗಿ ಎಂಜಿನ್, ರಸ್ತೆಯ ಮಗ್ಗುಲಲ್ಲೇ ದಾರಿ. ಆಕ್ವಿನ್ ಮಾರ್ಟಿನ್ ಜೊತೆ ಸೇರಿ ರಾಜೇಂದ್ರನಾಥ ಮುಖರ್ಜಿ ಕಟ್ಟಿದ ಕಂಪನಿಯದಾದ್ದರಿಂದ ಕೋಲ್ಕತ್ತದ ಎದುರುದಂಡೆಯ ಹಳ್ಳಿಗರ ಬಾಯಲ್ಲಿ ಅದು ಮಾರ್ಟಿನ್ ರೈಲು. ಜನ ಬಸ್ಸು ಹತ್ತಿದರು, ರೈಲು ಖಾಲಿಯಾಯಿತು, ನಷ್ಟ ತಾಳಲಾರದೆ ಕಂಪನಿ ಬಾಗಿಲು ಹಾಕಿತು ಎನ್ನುವುದು ಸಾಮಾನ್ಯವಾಗಿ ಹೇಳುವ ಕಥೆ. ಈ ಕಥೆಯಲ್ಲಿ ಘಟನೆಗಳು ಹಿಂದುಮುಂದಾಗಿವೆ ಎಂದು ನನಗೆ ಅನ್ನಿಸುತ್ತದೆ. ಸೇವೆ ಮೊದಲು ಹಿಂದೆ ಬಿತ್ತು, ಜನ ಆಮೇಲೆ ಇಳಿದುಹೋದರು. ಇಂದಿಗೂ ಹಳ್ಳಿಗಾಡಿನ ಯಾವುದೋ ಮಾರ್ಗದಲ್ಲಿ ಪ್ರಯಾಣಿಕರು ಕಡಿಮೆ ಎಂಬ ಲೆಕ್ಕ ಮುಂದಿಟ್ಟು ರೈಲು ಕಡಿತ ಮಾಡಹೊರಟಾಗಲೆಲ್ಲ ಈ ಹಿಂದುಮುಂದನ್ನು ನೆನೆಯಬೇಕು.

ಈ ರೈಲು ಅಗ್ಗದಲ್ಲಿ ಹುಟ್ಟಿದ್ದು. ಜಿಲ್ಲಾ ಬೋರ್ಡು ರಸ್ತೆಯ ಅಂಚನ್ನೇ ಬಿಟ್ಟುಕೊಟ್ಟಿದ್ದರಿಂದ ಬೇರೆ ಜಮೀನು ಕೊಳ್ಳುವ ಖರ್ಚು ಉಳಿಯಿತು. ಆದರೆ ರಸ್ತೆಯ ತಿರುವು, ಸಂತೆಯ ಗದ್ದಲ, ಅಡ್ಡ ಬರುವ ಗಾಡಿಗಳೆಲ್ಲ ರೈಲಿನ ಪಾಲಿಗೂ ಬಂದವು. ಎತ್ತಿನ ಗಾಡಿ, ದೋಣಿಗಳೇ ಪೈಪೋಟಿಗಿದ್ದ ಕಾಲಕ್ಕೆ ಆ ನಿಧಾನ ಯಾರಿಗೂ ಕೊರತೆ ಎನಿಸಲಿಲ್ಲ. ಬಸ್ಸು ಬಂದಾಗ ಅದೇ ರಸ್ತೆಯಲ್ಲಿ ಅದು ರೈಲನ್ನು ಹಿಂದೆ ಹಾಕಿತು. 1943ರಲ್ಲಿ ಹೊಸ ಹೌರಾ ಸೇತುವೆ ತೆರೆದ ಮೇಲಂತೂ ಬಸ್ಸಿಗೆ ಹೊಳೆ ದಾಟಿ ಪಟ್ಟಣದ ಒಳಗೇ ಹೋಗುವ ದಾರಿ ಸಲೀಸಾಯಿತು. ಮಾರ್ಟಿನ್ ರೈಲು ಮಾತ್ರ ಹೊಳೆಯ ಈಚೆಗೇ ನಿಲ್ಲುತ್ತಿತ್ತು. ಹಳಿಯ ಅಗಲ ಬೇರೆಯಾದ್ದರಿಂದ ಅದರ ಡಬ್ಬಿ ದೊಡ್ಡ ರೈಲಿನ ಹಳಿಗೆ ಏರುವಂತೆಯೂ ಇರಲಿಲ್ಲ. ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದವನು ಇನ್ನೇನು ಮಾಡಿಯಾನು?

ಹೊಳೆಯ ಆಚೆ, ಕೋಲ್ಕತ್ತದ ದಂಡೆಯಲ್ಲಿ ಇದಕ್ಕೊಂದು ಪುರಾವೆ ಸಿಗುತ್ತದೆ. ಇದೇ ಮಾರ್ಟಿನ್ ಕಂಪನಿ 1905ರಲ್ಲಿ ಆರಂಭಿಸಿದ ಬಾರಾಸತ್–ಬಸೀರ್‌ಹಾಟ್ ಮಾರ್ಗ ಮುಂದೆ ಇಛಾಮತಿ ದಂಡೆಯ ಹಾಸ್ನಾಬಾದ್‌ವರೆಗೆ ಬೆಳೆದು 1955ರಲ್ಲಿ ಮುಚ್ಚಿತು. ಏಳೇ ವರ್ಷಕ್ಕೆ, 1962ರಲ್ಲಿ, ಬಾರಾಸತ್–ಹಾಸ್ನಾಬಾದ್ ನಡುವೆ ಬ್ರಾಡ್‌ಗೇಜ್ ರೈಲು ಬಂತು. ಈಗ ಅದು ಸಿಯಾಲ್ದಾ ವಿಭಾಗದ ಲೋಕಲ್ ರೈಲುಗಳು ತುಂಬಿ ತುಳುಕುವ ದಾರಿ. ದೇಶ ವಿಭಜನೆಯ ನಿರಾಶ್ರಿತರಿಂದ ಜನಸಂಖ್ಯೆ ಏರಿತ್ತು, ಅದಕ್ಕೇ ರೈಲು ತುಂಬಿತು ಎಂದು ವಾದಿಸಬಹುದು. ಆದರೆ ನಿರಾಶ್ರಿತರು ಬರತೊಡಗಿದ್ದು 1947ರಿಂದ. ಹಳೆಯ ರೈಲು ಮುಚ್ಚುವ ಹೊತ್ತಿಗೆ ಆ ಜನ ಅಲ್ಲೇ ಇದ್ದರು. ಈ ಏಳು ವರ್ಷಗಳಲ್ಲಿ ಎದ್ದು ಕಾಣುವಂತೆ ಬದಲಾದದ್ದು ಹಳಿ. ಹಾಸ್ನಾಬಾದ್‌ನಲ್ಲಿ ಹತ್ತಿದವರು ನೇರ ಸಿಯಾಲ್ದಾದಲ್ಲಿ ಇಳಿಯುವುದು ಸಾಧ್ಯವಾಯಿತು. ಆಮ್ತಾದವರಿಗೆ ಆ ಭಾಗ್ಯ ತಡವಾಯಿತು. ಬ್ರಾಡ್‌ಗೇಜ್ ಹಳಿ ಕಂತುಕಂತಾಗಿ ಮುಂದುವರಿದು ಅವರ ಊರು ಮುಟ್ಟಿದ್ದು 2004ರಲ್ಲಿ. ಮುಚ್ಚಿದ ದಿನದಿಂದ ಎಣಿಸಿದರೆ ಮೂವತ್ತಮೂರು ವರ್ಷ. ಒಂದು ತಲೆಮಾರು ರೈಲನ್ನೇ ಕಾಣದೆ ಬೆಳೆದು ದೊಡ್ಡದಾಯಿತು.

ಜನ ತುಂಬಿದ ಮಾತ್ರಕ್ಕೆ ನಷ್ಟ ನಿಲ್ಲುವುದಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 2017ರ ಆರಂಭದಲ್ಲಿ ಪೂರ್ವ ರೈಲ್ವೆ ನಷ್ಟದ ಎಂಟು ಮಾರ್ಗಗಳನ್ನು ಹೆಸರಿಸಿ ಪಶ್ಚಿಮ ಬಂಗಾಳ ಸರ್ಕಾರ ಹೊರೆ ಹಂಚಿಕೊಳ್ಳಬೇಕೆಂದು ಕೇಳಿದಾಗ ಆ ಪಟ್ಟಿಯಲ್ಲಿ ಬಾರಾಸತ್–ಹಾಸ್ನಾಬಾದ್ ಕೂಡ ಇತ್ತು. ಕಾಲಿಡಲು ಜಾಗವಿಲ್ಲದ ರೈಲೂ ನಷ್ಟದ್ದೇ ಆಗಬಹುದು, ಏಕೆಂದರೆ ಲೋಕಲ್ ಟಿಕೆಟ್ ದರ ಖರ್ಚಿಗಿಂತ ಬಹಳ ಕಡಿಮೆ. ಹಾಗಾದರೆ ಜಮಾಖರ್ಚಿನ ನಷ್ಟದಿಂದ ಜನರಿಗೆ ರೈಲು ಬೇಡವಾಗಿದೆ ಎಂದು ತಿಳಿಯಲು ಬರುವುದಿಲ್ಲ. ಕಿತ್ತುಹಾಕುವುದೂ ಪುಕ್ಕಟೆಯಲ್ಲ. ಮೆಕ್ಲಿಯಡ್ ಕಂಪನಿಯ ಕಾಳೀಘಾಟ್–ಫಲ್ತಾ ರೈಲು 1917ರಲ್ಲಿ ಶುರುವಾಗಿ 1957ರಲ್ಲಿ ನಿಂತಿತು. ಬೇಹಾಲಾದಲ್ಲಿ ಅದರ ಹಳಿಯಿದ್ದ ನೆಲ ಈಗ ಜೇಮ್ಸ್ ಲಾಂಗ್ ಸರಣಿ ಎಂಬ ರಸ್ತೆ. ಆ ರಸ್ತೆಯಿಂದ ಜನಕ್ಕೆ ಉಪಯೋಗವಾಗಿದೆ, ನಿಜ. ಆದರೂ 2022ರ ಕೊನೆಯಲ್ಲಿ ಅದೇ ಬೇಹಾಲಾದ ಡೈಮಂಡ್ ಹಾರ್ಬರ್ ರಸ್ತೆಯ ಮೇಲೆ ಕಂಬ ನಿಲ್ಲಿಸಿ ಜೋಕಾ–ತಾರಾತಲಾ ಮೆಟ್ರೊ ಓಡಿಸಬೇಕಾಯಿತು.

ಜನ ಕಡಿಮೆ ಇರುವ ಮಾರ್ಗದಲ್ಲಿ ಮೊದಲು ಕೇಳಬೇಕಾದದ್ದು ಬೆಳಗಿನ ರೈಲು ಶಾಲೆ, ಕಚೇರಿ, ಸಂತೆಯ ಹೊತ್ತಿಗೆ ಮುಟ್ಟುತ್ತದೆಯೇ, ಸಂಜೆ ವಾಪಸು ತರುತ್ತದೆಯೇ, ಜಂಕ್ಷನ್ನಿನಲ್ಲಿ ಮುಂದಿನ ರೈಲು ಕಾಯುತ್ತದೆಯೇ ಎಂಬುದನ್ನು. ಒಂಟಿ ಹಳಿಯಲ್ಲಿ ಎದುರು ರೈಲು ದಾಟಿಹೋಗುವತನಕ ಇನ್ನೊಂದು ಕಾಯಲೇಬೇಕು. ನಡುವಿನ ಒಂದು ನಿಲ್ದಾಣದಲ್ಲಿ ಅವು ಪರಸ್ಪರ ದಾಟಲು ಪಕ್ಕದ ಹಳಿ ಹಾಕಿಕೊಟ್ಟರೆ, ಇಡೀ ದಾರಿಯನ್ನು ಜೋಡಿ ಹಳಿ ಮಾಡುವುದಕ್ಕಿಂತ ಎಷ್ಟೋ ಕಡಿಮೆ ವೆಚ್ಚದಲ್ಲಿ ರೈಲುಗಳ ಸಂಖ್ಯೆ ಏರಿಸಬಹುದು. ನಮ್ಮ ಶಿವಮೊಗ್ಗ–ತಾಳಗುಪ್ಪ ಮಾರ್ಗವೂ ಒಂದು ಕಾಲಕ್ಕೆ ರೈಲ್‌ಬಸ್ಸಿನ ಮಟ್ಟಕ್ಕೆ ಇಳಿದಿತ್ತು. ಅದನ್ನು ಯಾರೂ ಕಿತ್ತುಹಾಕಲಿಲ್ಲ. 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿತು. ಈಗ ಸಾಗರದವರು ರಾತ್ರಿ ಮಲಗಿ ಬೆಳಗ್ಗೆ ಬೆಂಗಳೂರಲ್ಲಿ ಇಳಿಯುತ್ತಾರೆ.