ವಹಿಯಲ್ಲಿ ಬರೆದ ಅಪ್ಪ

ವಡೋದರಾಕ್ಕೆ ಬಂದ ಹೊಸದರಲ್ಲಿ, ಎದುರು ಮನೆಯ ಪಟೇಲರಲ್ಲಿಗೆ ಒಂದು ದಿನ ಪೇಟ ಸುತ್ತಿದ ಮುದುಕರೊಬ್ಬರು ಬಂದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಉದ್ದನೆಯ ಪುಸ್ತಕವನ್ನು ಬಿಚ್ಚಿ, ರಾಗವಾಗಿ ಓದತೊಡಗಿದರು. ಪಟೇಲರ ಅಪ್ಪ, ಅವರಪ್ಪ, ಅವರಜ್ಜ, ಹೀಗೆ ಹೆಸರುಗಳು ಹಿಂದೆ ಹಿಂದೆ ಸರಿಯುತ್ತಾ ಹೋದವು. ಕೊನೆಗೆ ಆ ವರ್ಷ ಹುಟ್ಟಿದ ಮೊಮ್ಮಗನ ಹೆಸರು ಬರೆದುಕೊಂಡು, ಕಾಣಿಕೆ ಇಸಿದುಕೊಂಡು ಹೊರಟರು. ಇವರು ವಹಿವಂಚಾ ಬಾರೋಟರು. ವಹಿ ಎಂದರೆ ಪುಸ್ತಕ, ಅದನ್ನು ಓದುವವನು ವಹಿವಂಚಾ.

ನನಗೆ ಕಣ್ಣು ತುಂಬಿ ಬಂತು. ಗದಗ ಸೀಮೆಯ ನಮ್ಮ ಊರಿಗೆ ಬರುತ್ತಿದ್ದ ಹೆಳವರ ನೆನಪಾಯಿತು. ಎತ್ತಿನ ಮೇಲೆ ಬಂದು, ಕಟ್ಟೆಯ ಮೇಲೆ ಕೂತು, ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಜೋಳವೋ ದುಡ್ಡೋ ಪಡೆದು ಹೋಗುತ್ತಿದ್ದ ನಮ್ಮ ಹೆಳವ! ಸಾವಿರ ಮೈಲಿ ಬಿಟ್ಟು ಬಂದರೂ ಅದೇ ಕಸುಬು, ಅದೇ ಪುಸ್ತಕ. ಆಮೇಲೆ ತಿಳಿಯಿತು, ಈ ಬಾರೋಟರ ಬಗ್ಗೆ ಎ.ಎಂ. ಷಾ ಮತ್ತು ಆರ್.ಜಿ. ಶ್ರಾಫ್ 1958ರಲ್ಲಿಯೇ ಅಧ್ಯಯನ ಪ್ರಕಟಿಸಿದ್ದರು. ಷಾ ಅವರಿಗೆ ಗುರುಗಳಾಗಿದ್ದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭಿಸಿದವರು ಅವರೇ. ಹೀಗೆ ಎಲ್ಲಿಗೆ ಹೋದರೂ ನಮ್ಮವರೊಬ್ಬರು ಮೊದಲೇ ಬಂದು ಹೋಗಿರುತ್ತಾರೆ!

ಇರಲಿ. ಬಾರೋಟನಾಗಲಿ ಹೆಳವನಾಗಲಿ ಒಂದು ಪ್ರಶ್ನೆಯನ್ನು ಎಂದೂ ಕೇಳುವುದಿಲ್ಲ. ಮನೆಯ ಯಜಮಾನ ಹೇಳಿದ ಹೆಸರನ್ನು ಬರೆದುಕೊಳ್ಳುತ್ತಾನೆ, ಅಷ್ಟೇ. ಆ ಕೇಳದ ಪ್ರಶ್ನೆ ಹೋದ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಸಣ್ಣ ಡಬ್ಬಿಯ ರೂಪದಲ್ಲಿ ನನ್ನ ಮನೆಗೆ ಬಂದಿತು.

ತಂದವನು ಸೂರತ್ತಿನ ಕಾಕಾರ ಮೊಮ್ಮಗ. ಅಮೆರಿಕದಲ್ಲಿ ಕೆಲಸ, ಬಿಡುವಿನಲ್ಲಿ ವಂಶವೃಕ್ಷ ಬರೆಯುವ ಹುಚ್ಚು. ಕಾಕಾ ಎಂದರೆ ನನ್ನ ಸಣ್ಣಜ್ಜನ ಮಗ, ನಮ್ಮಪ್ಪನ ಚಿಕ್ಕಪ್ಪನ ಮಗ. ಸಣ್ಣಜ್ಜ 1946ರಲ್ಲಿ ನೇಯ್ಗೆಯ ಕೆಲಸ ಹುಡುಕಿಕೊಂಡು ಸೂರತ್ತಿಗೆ ಬಂದವರು. ಕಾಕಾ ಊರಲ್ಲಿ ಹುಟ್ಟಿದ್ದು 1947ರಲ್ಲಿ. ಸಣ್ಣಜ್ಜ ಊರು ಬಿಟ್ಟ ಹನ್ನೊಂದು ತಿಂಗಳಿಗೆ, ಎಂದು ಊರ ಹೆಂಗಸರ ಲೆಕ್ಕ. ನಡುವೆ ಒಮ್ಮೆ ಬಂದು ಹೋಗಿದ್ದರು ಎಂದು ಕೆಲವರು, ಬಂದೇ ಇರಲಿಲ್ಲ ಎಂದು ಕೆಲವರು. ಸಣ್ಣಜ್ಜ ಮಾತ್ರ ಬಂದು, ತೊಟ್ಟಿಲ ಶಾಸ್ತ್ರ ಮಾಡಿ, ಹೆಳವನ ಪುಸ್ತಕದಲ್ಲಿ ಮಗನ ಹೆಸರು ಬರೆಸಿ, ಹೆಂಡತಿ ಮಗನನ್ನು ಕರೆದುಕೊಂಡು ಸೂರತ್ತಿಗೆ ಹೋದರು. ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಹೊಲ ಪಾಲಾಗುವಾಗಲೂ ಬರಲಿಲ್ಲ.

ಹುಡುಗನಿಗೆ ಈ ಪಿಸುಮಾತು ಎಲ್ಲಿಂದಲೋ ಕಿವಿಗೆ ಬಿದ್ದಿದೆ. "ದೊಡ್ಡಪ್ಪಾ, ಕಡ್ಡಿಯಿಂದ ಕೆನ್ನೆ ಒಳಗ ಒಂದ್ನಿಮಿಷ ಉಜ್ಜಿ ಕೊಡ್ರಿ ಸಾಕು. ನಾ ಆಗಲೇ ನಂದು ಕೊಟ್ಟೀನಿ. ಅಜ್ಜಗ ಹೇಳೂದೇನೂ ಬೇಕಾಗಿಲ್ಲ" ಎಂದ.

ಅಜ್ಜನಿಗೆ ಹೇಳದೆ ಅಜ್ಜನ ಅಪ್ಪನನ್ನು ಪತ್ತೆ ಹಚ್ಚುವುದು ಹೇಗೆ? ಅದೇ ಈ ವಿದ್ಯೆಯ ಸೋಜಿಗ. ಗಂಡಸಿನಲ್ಲಿ ವೈ ಎಂಬ ವರ್ಣತಂತು ಇದೆ. ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚೂಕಡಿಮೆ ಹಾಗೇ ಇಳಿದು ಬರುತ್ತದೆ. ಎಷ್ಟೋ ತಲೆಮಾರಿಗೊಮ್ಮೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದುಂಟು. ನನ್ನ ಅಜ್ಜ, ಸಣ್ಣಜ್ಜ ಒಬ್ಬನೇ ಅಪ್ಪನ ಮಕ್ಕಳು. ಆದ್ದರಿಂದ ನನ್ನ ವೈ ಮತ್ತು ಸಣ್ಣಜ್ಜನ ವೈ ಒಂದೇ. ಕಾಕಾರ ವೈ ಅವರ ಮೊಮ್ಮಗನಲ್ಲಿದೆ. ಎರಡೂ ಕೂಡಿದರೆ ಕಾಕಾ ನಮ್ಮ ಮನೆತನದವರು, ಕೂಡದಿದ್ದರೆ ಅಲ್ಲ. ಬೇಕಾದದ್ದು ಇನ್ನು ನನ್ನ ಕೆನ್ನೆ ಮಾತ್ರ!

ಆದರೆ ಕೂಡಿದರೂ ಮುಗಿಯುವುದಿಲ್ಲ, ನೋಡಿ. ವೈ ಮನೆತನವನ್ನು ಹೇಳುತ್ತದೆಯೇ ಹೊರತು ಅಣ್ಣನೋ ತಮ್ಮನೋ ಎಂದು ಹೇಳುವುದಿಲ್ಲ. ಸಣ್ಣಜ್ಜ ಸೂರತ್ತಿನಲ್ಲಿದ್ದಾಗ ಊರ ಮನೆಯಲ್ಲಿ ಇದ್ದ ಗಂಡಸು ನನ್ನ ಅಜ್ಜ. ಇದು ಹೊಳೆದ ಕೂಡಲೇ ನಾನು ಡಬ್ಬಿಯನ್ನು ದೂರ ಸರಿಸಿದೆ. ಕಾಕಾರ ಅಪ್ಪನನ್ನು ಹುಡುಕಲು ಹೊರಟ ಕಡ್ಡಿ ನನ್ನ ಅಜ್ಜನ ಫೋಟೋದ ಕಡೆಗೂ ತಿರುಗಬಹುದಲ್ಲ!

ಬೇರೆ ವರ್ಣತಂತುಗಳನ್ನೂ ಹೋಲಿಸಬಹುದು. ಅಪ್ಪ ಮಕ್ಕಳಲ್ಲಿ ಅರ್ಧ ಪಾಲು ಒಂದೇ ಇರುತ್ತದೆ, ಅಣ್ಣ ತಮ್ಮಂದಿರ ಮಕ್ಕಳಲ್ಲಿ ನೂರಕ್ಕೆ ಹನ್ನೆರಡೂವರೆ, ಅವರ ಮುಂದಿನ ತಲೆಮಾರಿನಲ್ಲಿ ಮೂರು, ಹೀಗೆ ಸರಾಸರಿ ಲೆಕ್ಕ. ಪಶ್ಚಿಮದವರಿಗೆ ಇದು ಸರಳ. ನಮಗಲ್ಲ. ಸಣ್ಣಜ್ಜಿ ಬೇರೆ ಯಾರೂ ಅಲ್ಲ, ಸಣ್ಣಜ್ಜನ ಸ್ವಂತ ಅಕ್ಕನ ಮಗಳು. ಸೋದರಮಾವನನ್ನೇ ಮದುವೆಯಾದವಳು. ಅಂದ ಮೇಲೆ ಕಾಕಾರ ಅಪ್ಪ ಯಾರೇ ಆಗಿರಲಿ, ತಾಯಿಯ ಕಡೆಯಿಂದಲೇ ಅವರಿಗೂ ನನಗೂ ರಕ್ತ ಕೂಡಿಯೇ ಕೂಡುತ್ತದೆ. ನಮ್ಮ ಗುಜರಾತಿ ನೆರೆಯವರಿಗೆ ಸೋದರಮಾವನ ಮದುವೆ ಎಂದರೆ ಮೈ ಜುಮ್ಮೆನ್ನುತ್ತದೆ. ಕಂಪ್ಯೂಟರಿನ ಲೆಕ್ಕಕ್ಕೂ ಅದರಿಂದ ತಲೆಬಿಸಿಯೇ.

ಈ ಅನುಮಾನ ನಾನಿರುವ ಊರಿಗೆ ಹೊಸದಲ್ಲ. ಇಲ್ಲಿ ಒಂದು ಕಾಲಕ್ಕೆ ಇಡೀ ರಾಜ್ಯವೇ ಕೂಸಿನ ಹುಟ್ಟಿಗಾಗಿ ಬೆರಳು ಮಡಿಚಿ ತಿಂಗಳು ಎಣಿಸಿತ್ತು. 1870ರ ನವೆಂಬರಿನಲ್ಲಿ ಮಹಾರಾಜ ಖಂಡೇರಾವ್ ಗಾಯಕವಾಡ್ ತೀರಿಕೊಂಡರು. ಗಂಡುಮಕ್ಕಳಿರಲಿಲ್ಲ, ರಾಣಿ ಜಮನಾಬಾಯಿ ಗರ್ಭಿಣಿ. ತಮ್ಮ ಮಲ್ಹಾರರಾವ್ ಅಣ್ಣನನ್ನು ಕೊಲ್ಲಲು ಸಂಚು ಮಾಡಿದ ಆರೋಪದ ಮೇಲೆ ಪಾದರಾದಲ್ಲಿ ಸೆರೆಯಲ್ಲಿದ್ದವರು. ಅವರನ್ನು ಕರೆತಂದು ಗದ್ದುಗೆಗೆ ಕೂಡಿಸಿದರು, ರಾಣಿಗೆ ಗಂಡಾದರೆ ಬಿಟ್ಟುಕೊಡಬೇಕು ಎಂಬ ಕರಾರಿನ ಮೇಲೆ. ರಾಣಿ ಜೀವಭಯದಿಂದ ಬ್ರಿಟಿಷ್ ರೆಸಿಡೆನ್ಸಿಯ ಆಶ್ರಯಕ್ಕೆ ಹೋದರು. 1871ರ ಜುಲೈನಲ್ಲಿ ಹೆಣ್ಣು ಹುಟ್ಟಿತು. ಮಲ್ಹಾರರಾಯರ ಗದ್ದುಗೆ ಉಳಿಯಿತು.

ಮುಂದೆ ಅವರದೇ ಸರದಿ. 1874ರ ಮೇ ತಿಂಗಳಲ್ಲಿ ಸೂರತ್ತಿನ ಬಗಲಿಗಿರುವ ನವಸಾರಿಯಲ್ಲಿ ಲಕ್ಷ್ಮೀಬಾಯಿ ಎಂಬಾಕೆಯನ್ನು ಮದುವೆಯಾದರು. ಆಕೆ ಆಗಲೇ ಮತ್ತೊಬ್ಬನ ಹೆಂಡತಿ ಎಂಬ ದೂರು ಇತ್ತು. ರೆಸಿಡೆಂಟ್ ಕರ್ನಲ್ ಫೇರ್ ಮದುವೆಗೆ ಹೋಗಲಿಲ್ಲ. ಅಕ್ಟೋಬರಿನಲ್ಲಿ, ಮದುವೆಯಾದ ಐದು ತಿಂಗಳಿಗೆ, ಗಂಡು ಮಗು ಹುಟ್ಟಿತು. ಬ್ರಿಟಿಷರು ಅದನ್ನು ಉತ್ತರಾಧಿಕಾರಿ ಎಂದು ಒಪ್ಪಲಿಲ್ಲ. ನವೆಂಬರಿನಲ್ಲಿ ಫೇರ್ ಸಾಹೇಬರ ಶರಬತ್ತಿನಲ್ಲಿ ವಿಷ ಸಿಕ್ಕಿತು, ವಿಚಾರಣೆ ನಡೆಯಿತು, ವಿಚಾರಣಾ ಆಯೋಗದವರಲ್ಲೇ ಒಮ್ಮತ ಬರಲಿಲ್ಲ. ಆದರೂ 1875ರ ಏಪ್ರಿಲಿನಲ್ಲಿ ದುರಾಡಳಿತದ ಕಾರಣ ಕೊಟ್ಟು ಮಲ್ಹಾರರಾಯರನ್ನು ಇಳಿಸಿ ಮದರಾಸಿಗೆ ಕಳಿಸಿದರು. ಅವರಿಗೂ ಅವರ ಸಂತಾನಕ್ಕೂ ಹಕ್ಕಿಲ್ಲ ಎಂದು ಸಾರಿದರು.

ಆಗ ಡಿ.ಎನ್.ಎ. ಪರೀಕ್ಷೆ ಇದ್ದಿದ್ದರೆ? ಏನೂ ಆಗುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಮಗು ಮಲ್ಹಾರರಾಯರದೇ ಎಂದು ಪರೀಕ್ಷೆ ಹೇಳಬಹುದಿತ್ತು. ಆದರೆ ಆ ಮದುವೆ ಮದುವೆಯೇ, ಆ ಮಗುವನ್ನು ವಾರಸುದಾರನೆನ್ನಬೇಕೇ ಎಂಬುದನ್ನು ರಕ್ತ ಹೇಳಲಾರದು. ಅದನ್ನು ಹೇಳಿದ್ದು ಆಳುವವರ ಮರ್ಜಿ. ಕೊನೆಗೆ ಗದ್ದುಗೆ ಯಾರಿಗೆ ಹೋಯಿತು? ನಾಸಿಕ ಜಿಲ್ಲೆಯ ಕವಳಾಣಾ ಎಂಬ ಹಳ್ಳಿಯ, ಗಾಯಕವಾಡರ ದೂರದ ಕವಲಿನ ಹನ್ನೆರಡು ವರ್ಷದ ಗೋಪಾಳರಾವ್‌ಗೆ. 1875ರ ಮೇ 27ರಂದು ಜಮನಾಬಾಯಿ ಅವನನ್ನು ದತ್ತು ತೆಗೆದುಕೊಂಡರು. ಅವನೇ ಮೂರನೆಯ ಸಯಾಜಿರಾವ್. 1906ರಲ್ಲಿ ರಾಜ್ಯಕ್ಕೆಲ್ಲ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದವರು, ಅಂಬೇಡ್ಕರರನ್ನು ಓದಲು ಅಮೆರಿಕಕ್ಕೆ ಕಳಿಸಿದವರು. ಇವತ್ತಿಗೂ ಬರೋಡಾದ ಜನ ಮಹಾರಾಜರು ಎಂದರೆ ಅವರನ್ನೇ ನೆನೆಯುವುದು. ಹೆತ್ತ ಮಗನಲ್ಲ, ಬರೆಸಿಕೊಂಡ ಮಗ.

ಕಾನೂನೂ ಹೆಚ್ಚೂಕಡಿಮೆ ಬಾರೋಟನ ದಾರಿಯನ್ನೇ ಹಿಡಿದಿದೆ. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮು, ಮದುವೆ ಊರ್ಜಿತವಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಹೇಳಿತು. ಗಂಡ ಹೆಂಡಿರಿಗೆ ಕೂಡುವ ಅವಕಾಶವೇ ಇರಲಿಲ್ಲ ಎಂದು ಸಾಬೀತಾದರೆ ಮಾತ್ರ ಬೇರೆ ಮಾತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 116ನೇ ಕಲಮಾಗಿ ಕೂತಿದೆ. ಸೂರತ್ತಿನಿಂದ ಮುಂಬಯಿ, ಪುಣೆ, ಹುಬ್ಬಳ್ಳಿ ಹಾದು ಊರಿಗೆ ರೈಲು ಇದ್ದೇ ಇತ್ತು. ಸಣ್ಣಜ್ಜ ಒಮ್ಮೆ ಬಂದಿರಲಿಲ್ಲ ಎಂದು ಯಾರು ಸಾಬೀತು ಮಾಡುತ್ತಾರೆ? 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡುವಂತಿಲ್ಲ ಎಂದಿತು. 2014ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಪರೀಕ್ಷೆ ನಡೆದುಹೋಗಿ ಸತ್ಯ ಎದುರಿಗೇ ಇರುವಾಗ ಊಹೆಯನ್ನು ಹಿಡಿದು ಕೂರಲಾಗದು ಎಂದೂ ಹೇಳಿತು. 2023ರಲ್ಲಿ, ತನ್ನ ಹುಟ್ಟನ್ನು ಸುಮ್ಮಸುಮ್ಮನೆ ಪ್ರಶ್ನಿಸಿಕೊಳ್ಳದಿರುವ ಹಕ್ಕು ಮಗುವಿಗಿದೆ ಎಂದಿತು. ನಾರಾಯಣ ದತ್ತ ತಿವಾರಿಯವರ ಪ್ರಕರಣದಲ್ಲಿ ಕೋರ್ಟು 2012ರಲ್ಲಿ ರಕ್ತ ತೆಗೆಸಿತಲ್ಲ, ಅಲ್ಲಿ ಕೇಳಿದವನು ಸ್ವತಃ ಮಗನೇ. ಯಾರು ಕೇಳುತ್ತಿದ್ದಾರೆ ಎಂಬುದು ಬಹಳ ಮುಖ್ಯ.

ಈ ಪರೀಕ್ಷೆಯನ್ನು ನಾನು ಹಳಿಯುತ್ತಿಲ್ಲ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರೀಸ್ ಇದನ್ನು ಕಂಡುಹಿಡಿದ ಮರುವರ್ಷವೇ ಅದು ನೆರವಾಗಿದ್ದು ಊರು ಬಿಟ್ಟವರಿಗೆ. ಘಾನಾದಿಂದ ಬ್ರಿಟನ್ನಿಗೆ ಮರಳಿದ ಹುಡುಗನನ್ನು ಅವನ ತಾಯಿಯ ಮಗನೇ ಅಲ್ಲವೆಂದು ಅಧಿಕಾರಿಗಳು ತಡೆದಾಗ, ಡಿ.ಎನ್.ಎ. ತಾಯಿ ಮಗನನ್ನು ಕೂಡಿಸಿತು. ಇನ್ನು 2025ರ ಜೂನ್ 12ನ್ನು ಗುಜರಾತಿನಲ್ಲಿರುವ ನಾವು ಯಾರೂ ಮರೆಯಲಾರೆವು. ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ಕೆಳಗಿದ್ದವರೂ ಸೇರಿ 260 ಜನ ಹೋದರು. ಗುರುತೇ ಸಿಗದ ದೇಹಗಳು. ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಅಪ್ಪಂದಿರು, ಮಕ್ಕಳು, ಅಣ್ಣ ತಮ್ಮಂದಿರು ರಕ್ತ ಕೊಟ್ಟು ದಿನಗಟ್ಟಲೆ ಕಾದರು. ಗಾಂಧಿನಗರದ ಪ್ರಯೋಗಾಲಯದಲ್ಲಿ ಹಗಲು ರಾತ್ರಿ ಹೋಲಿಕೆ ನಡೆಯಿತು. ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾಣಿಯವರನ್ನೂ ಗುರುತಿಸಿದ್ದು ಹೀಗೆಯೇ. ಅಲ್ಲಿ ಕೇಳಿದವರು ಕಳೆದುಕೊಂಡವರೇ. ಕೇಳಲು ಅವರಿಗಿಂತ ಹಕ್ಕುಳ್ಳವರು ಯಾರು?

ಹಾಗಾದರೆ ನನ್ನ ಮನೆಯ ಡಬ್ಬಿಯ ವಿಷಯದಲ್ಲಿ ಕೇಳಬೇಕಾದವರು ಯಾರು? ಒಂದು ಭಾನುವಾರ ಬೆಳಗಿನ ಗಾಡಿ ಹಿಡಿದು ಸೂರತ್ತಿಗೆ ಹೋದೆ. ಕಾಕಾರಿಗೆ ಈಗ ಎಂಬತ್ತರ ಹತ್ತಿರ. ಮಾತು ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಡಬ್ಬಿಯನ್ನೇ ಎದುರಿಗೆ ಇಟ್ಟೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ನೋಡಿದರು.

"ಗೊತ್ತದ ತಮ್ಮಾ. ನನಗ ಹತ್ತು ವರ್ಷ ಇದ್ದಾಗನs ಒಬ್ಬಾಂವ ಅಂದಿದ್ದ. ಅಳಕೋತ ಬಂದೆ. ಅಪ್ಪ ಏನೂ ಹೇಳಲಿಲ್ಲ. ಮಗ್ಗದ ಮುಂದ ಬಾಜೂಕ ಕುಂದರಿಸಿಕೊಂಡು, ಕಡಿದ ಎಳಿ ಹೆಂಗ ಕೂಡಸೂದು ಅಂತ ತೋರಿಸಿದ. ಆಮ್ಯಾಲೆ ನಾ ಕೇಳಲಿಲ್ಲ."

"ಹುಡುಗಗ ಏನ್ ಹೇಳ್ಲಿ ಕಾಕಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಗ ತಿಳಕೋಬೇಕು ಅನ್ನಸೂದು ತಪ್ಪಲ್ಲ. ಆದ್ರ ನಮ್ಮವ್ವನ ಬಗ್ಗೆ ಕೇಳಾಕ ಹತ್ಯಾರ ಅನ್ನೂದು ಅವಗ ತಿಳಿದಂಗಿಲ್ಲ. ನಾ ಹೋದ ಮ್ಯಾಲೆ ಏನರ ಮಾಡ್ಕೋರಿ. ಈಗ ಬ್ಯಾಡ."

ಸಣ್ಣಜ್ಜಿಯ ನೆನಪು ಅಲ್ಲಿಯವರೆಗೆ ನನಗೂ ಬಂದಿರಲಿಲ್ಲ, ನಾಚಿಕೆಯಾಯಿತು. ಪತ್ತೆ ಹಚ್ಚುವುದು ಅಪ್ಪನನ್ನು ಎನ್ನುತ್ತೇವೆ, ಕಟಕಟೆಯಲ್ಲಿ ನಿಲ್ಲಿಸುವುದು ಅವ್ವನನ್ನು. ಬರೋಡಾದ ಇತಿಹಾಸದಲ್ಲೂ ಲಕ್ಷ್ಮೀಬಾಯಿ ಏನೆಂದಳು ಎಂದು ಎಷ್ಟು ಜನ ಕೇಳಿದ್ದಾರೆ?

ಹುಡುಗನಿಗೆ ಹಾಗೆಯೇ ಬರೆದೆ. ಬೇಸರವಾಗಿದೆ ಅವನಿಗೆ, ಆದರೂ ಒಪ್ಪಿದ್ದಾನೆ. ಡಬ್ಬಿ ನನ್ನ ಕಪಾಟಿನಲ್ಲಿದೆ.

ಮೊನ್ನೆ ಊರಿಂದ ತಮ್ಮನ ಫೋನು. ಹೆಳವರು ಬಂದಿದ್ದಾರಂತೆ. ಈಗ ಎತ್ತಿಲ್ಲ, ಟೆಂಪೋದಲ್ಲಿ ಬರುತ್ತಾರೆ. "ಸೂರತ್ತಿನ ಕಾಕಾನ ಮೊಮ್ಮಕ್ಕಳ ಹೆಸರು ಪುಸ್ತಕದಾಗ ಇಲ್ಲ. ಏನ್ ಮಾಡೂದಣ್ಣಾ?" ಎಂದು ಕೇಳಿದ, ದನಿ ಸ್ವಲ್ಪ ತಗ್ಗಿಸಿ.

"ಬರಸು" ಎಂದೆ. ಒಂದೊಂದೇ ಹೆಸರು ಹೇಳಿದೆ. ಅಮೆರಿಕದ ಹುಡುಗನ ಹೆಸರನ್ನು ಎರಡು ಸಲ ಹೇಳಬೇಕಾಯಿತು, ಹೆಳವನಿಗೆ ಸರಿಯಾಗಿ ಕೇಳಿಸಲಿಲ್ಲ.